ಎಂಬಿಎ ಮಕ್ಕಳಿಗೆ ಟೂರ್ ಬೇಡ, ಹೊರದೇಶದ ಒಂದು ಸೆಮಿಸ್ಟರ್ ಕೊಡಿ

ನಾನಿರುವುದು ಜರ್ಮನಿಯ ಮಾನ್‌ಹೈಮ್‌ನಲ್ಲಿ. ಇಲ್ಲಿನ ವಿಶ್ವವಿದ್ಯಾಲಯ ನಡೆಯುವುದು ಹಳೆಯ ಅರಮನೆಯೊಂದರಲ್ಲಿ. ಬಿಸಿನೆಸ್ ಓದಲು ಜರ್ಮನಿಯಲ್ಲಿ ಒಳ್ಳೆಯ ಜಾಗ ಯಾವುದು ಅಂತ ಕೇಳಿದರೆ ಈ ದೇಶದವರು ಮೊದಲು ಹೇಳುವ ಹೆಸರುಗಳಲ್ಲಿ ಇದೂ ಒಂದು. ಪ್ರತಿ ವರ್ಷ ಆಗಸ್ಟ್ ಕೊನೆಗೆ ಊರ ತುಂಬ ಹೊಸ ಮುಖಗಳು ಕಾಣುತ್ತವೆ. ಸೂಟ್‌ಕೇಸ್ ಎಳೆದುಕೊಂಡು, ಫೋನ್ ಹಿಡಿದು ವಿಳಾಸ ಹುಡುಕುತ್ತಿರುತ್ತಾರೆ. ಊರ ನಡುವಿನ ಬೀದಿಗಳಿಗೆ ಇಲ್ಲಿ ಹೆಸರಿಲ್ಲ. ಚೌಕಗಳಿಗೆ ಒಂದು ಅಕ್ಷರ, ಒಂದು ಅಂಕಿ, ಅಷ್ಟೇ. ಹೊಸಬರು ತಬ್ಬಿಬ್ಬಾಗುವುದು ಸಹಜ. ಅವರಲ್ಲಿ ಎಷ್ಟೋ ಜನ ಒಂದೇ ಸೆಮಿಸ್ಟರಿಗೆ ಬಂದವರು. ಅದೇ ಹೊತ್ತಿಗೆ ಇಲ್ಲಿನ ಮಾಸ್ಟರ್ಸ್ ವಿದ್ಯಾರ್ಥಿಗಳು ಬೇರೆ ದೇಶಗಳಿಗೆ ಹೊರಟಿರುತ್ತಾರೆ.

ಇದನ್ನು ನೋಡಿದಾಗೆಲ್ಲ ನಮ್ಮ ಊರಿನ ಎಂಬಿಎ ಮಕ್ಕಳ ನೆನಪಾಗುತ್ತದೆ. ಐಐಎಂ ಸೇರಿದವರ ಮಾತು ಬೇರೆ. ದಾವಣಗೆರೆ, ಹುಬ್ಬಳ್ಳಿ, ತುಮಕೂರು, ಕಲಬುರಗಿಯ ಕಾಲೇಜುಗಳಲ್ಲಿ ಓದುವವರಿಗೂ ಈ ಅವಕಾಶ ಸಿಗಬೇಕು ಅನ್ನುವುದು ನನ್ನ ಆಸೆ.

ಮೊನ್ನೆ ಅಕ್ಕನ ಮಗ ದಾವಣಗೆರೆಯಿಂದ ಫೋನ್ ಮಾಡಿದ್ದ. ಎಂಬಿಎಗೆ ಕಾಲೇಜು ಹುಡುಕುತ್ತಿದ್ದಾನೆ.

"ಮಾಮ, ಒಂದು ಕಾಲೇಜಲ್ಲಿ ದುಬೈಗೆ ಕರ್ಕೊಂಡು ಹೋಗ್ತಾರಂತೆ. ಇಂಟರ್‌ನ್ಯಾಷನಲ್ ಎಕ್ಸ್‌ಪೋಶರ್ ಅಂತ ಬ್ರೋಷರಲ್ಲಿ ಹಾಕಿದ್ದಾರೆ. ಫೀಸು ಮಾತ್ರ ಜಾಸ್ತಿ."

"ಎಷ್ಟು ದಿನ ಕಣೋ?"

"ಒಂದು ವಾರ."

"ಅಲ್ಲಿ ಏನು ಓದಿಸ್ತಾರೆ?"

"ಓದಿಸೋದೇನಿಲ್ಲ ಮಾಮ. ಎರಡು ಲೆಕ್ಚರ್, ಒಂದು ಕಂಪನಿ ವಿಸಿಟ್, ಆಮೇಲೆ ಸರ್ಟಿಫಿಕೇಟ್. ಉಳಿದದ್ದು ಸುತ್ತಾಟ."

ಹುಡುಗನ ತಪ್ಪಲ್ಲ. ಅವನ ಮುಂದೆ ಇಟ್ಟಿರುವುದೇ ಅದು. ಒಂದು ವಾರ ಹೊರದೇಶ ನೋಡಿ ಬಂದರೆ ಖುಷಿಯಾಗುತ್ತದೆ, ನಿಜ. ಆದರೆ ಮಾರ್ಕ್ಸ್‌ಕಾರ್ಡಿನಲ್ಲಿ ಅದರ ಒಂದು ಸಾಲೂ ಬರುವುದಿಲ್ಲ. ಬೇರೆ ದೇಶದವರ ಜೊತೆ ಒಂದು ಪ್ರಾಜೆಕ್ಟ್ ಮಾಡಿ, ಅವರ ಜೊತೆ ವಾದ ಮಾಡಿ, ಅವರ ಮೇಷ್ಟ್ರ ಕೈಯಲ್ಲಿ ಮಾರ್ಕ್ಸ್ ತೆಗೆದುಕೊಳ್ಳುವ ಅನುಭವ ಅದರಲ್ಲಿ ಎಲ್ಲಿ ಬಂತು? ಅದಕ್ಕೆ ಸಾಲ ಮಾಡಿ ದುಡ್ಡು ಕಟ್ಟುವ ಅಪ್ಪ-ಅಮ್ಮನನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇಲ್ಲಿನ ಕ್ರಮವೇ ಬೇರೆ. ನಮ್ಮ ಮೇಲಿನ ಮನೆಯ ಹುಡುಗ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್ ಮಾಡುತ್ತಿದ್ದಾಗ ಒಂದು ಸೆಮಿಸ್ಟರಿಗೆ ಕೊರಿಯಾಕ್ಕೆ ಹೋಗಿದ್ದ. ಹೊರಡುವ ಮುಂಚೆ ಒಂದು ಹಾಳೆ ತೋರಿಸಿದ. ಲರ್ನಿಂಗ್ ಅಗ್ರಿಮೆಂಟ್ ಅಂತಾರೆ ಅದಕ್ಕೆ. ಎಡಗಡೆ ಅಲ್ಲಿ ಓದುವ ವಿಷಯಗಳು, ಬಲಗಡೆ ಅವು ಇಲ್ಲಿನ ಯಾವ ವಿಷಯಕ್ಕೆ ಬದಲು ಅನ್ನುವುದು, ಪಕ್ಕದಲ್ಲಿ ಕ್ರೆಡಿಟ್, ಅಂದರೆ ಓದಿನ ಪ್ರಮಾಣ ಅಳೆಯುವ ಅಂಕಿ. ಕೆಳಗೆ ಅವನ ಸಹಿ, ಇಲ್ಲಿನ ವಿ.ವಿ. ಸಹಿ, ಅಲ್ಲಿನ ವಿ.ವಿ. ಸಹಿ. ವಿಮಾನ ಹತ್ತುವ ಮುಂಚೆಯೇ ಎಲ್ಲ ಇತ್ಯರ್ಥ. ವಾಪಸ್ ಬಂದ ಮೇಲೆ "ಇದನ್ನು ಒಪ್ಪಲ್ಲ, ಮತ್ತೆ ಪರೀಕ್ಷೆ ಬರಿ" ಅಂತ ಯಾರೂ ಹೇಳುವಂತಿಲ್ಲ. ಆ ಒಂದು ಹಾಳೆಯನ್ನು ನಮ್ಮ ಪ್ರತಿ ವಿ.ವಿ.ಯ ಕುಲಸಚಿವರಿಗೂ ತೋರಿಸಬೇಕು ಅನ್ನಿಸಿತು ನನಗೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಯೂರೋಪಿನಲ್ಲಿ ವಿದ್ಯಾರ್ಥಿಗಳನ್ನು ಬೇರೆ ದೇಶದ ವಿ.ವಿ.ಗೆ ಓದಲು ಕಳಿಸುವ ಎರಾಸ್ಮಸ್ ಯೋಜನೆ ಶುರುವಾಗಿದ್ದು 1987ರಲ್ಲಿ. ಹೋದವರ ಓದನ್ನು ಅಳೆಯಲು ಒಂದೇ ಲೆಕ್ಕ ಬೇಕಾಯಿತು. ಅದಕ್ಕೇ ಕ್ರೆಡಿಟ್ ಪದ್ಧತಿ ಬಂತು. ಒಂದು ಸೆಮಿಸ್ಟರಿಗೆ 30, ಎರಡು ವರ್ಷದ ಮಾಸ್ಟರ್ಸಿಗೆ 120. 1999ರ ಬೊಲೋನ್ಯ ಒಪ್ಪಂದದ ಮೇಲೆ ದೇಶ ದೇಶಗಳು ಪದವಿಗಳನ್ನೇ ಒಂದು ಅಳತೆಗೆ ತಂದವು. ಬಿಸಿನೆಸ್ ಶಾಲೆಗಳು ಇದರಲ್ಲಿ ಎಲ್ಲರಿಗಿಂತ ಮುಂದೆ ಹೋದವು. ಸೆಮ್ಸ್ ಅನ್ನುವ ಒಕ್ಕೂಟವನ್ನೇ ನೋಡಿ. ಕಲೋನ್ ವಿ.ವಿ., ಪ್ಯಾರಿಸ್ಸಿನ ಎಚ್‌ಇಸಿ, ಮಿಲಾನಿನ ಬೊಕ್ಕೋನಿ, ಬಾರ್ಸಿಲೋನಾದ ಎಸಾಡೆ ಸೇರಿ 1988ರಲ್ಲಿ ಕಟ್ಟಿದ್ದು. ಈಗ ಮೂವತ್ತಕ್ಕೂ ಹೆಚ್ಚು ಶಾಲೆಗಳಿವೆ. ನಮ್ಮ ಐಐಎಂ ಕಲ್ಕತ್ತಾ ಕೂಡ ಅದರಲ್ಲಿದೆ. ಈ ಒಕ್ಕೂಟದ ಮಾಸ್ಟರ್ಸ್ ಪದವಿ ಬೇಕಾದರೆ ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಲೇಬೇಕು, ಹೊರದೇಶದಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕು, ಕಂಪನಿಯೊಂದರ ನಿಜವಾದ ಸಮಸ್ಯೆ ಹಿಡಿದು ತಂಡದಲ್ಲಿ ಕೆಲಸ ಮಾಡಲೇಬೇಕು.

ನಮ್ಮಲ್ಲಿ ಹೊರದೇಶದ ಓದು ಅಂದರೆ ಜನಕ್ಕೆ ಗೊತ್ತಿರುವುದು ಇನ್ನೊಂದೇ ದಾರಿ. ಬ್ಯಾಂಕ್ ಸಾಲ ತೆಗೆದು ಪೂರ್ತಿ ಪದವಿಗೆ ಹೋಗುವುದು. ಜರ್ಮನಿಗೆ ಬರುವವರು ವೀಸಾಕ್ಕೆ ಮುಂಚೆ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟು ತೋರಿಸಬೇಕು. ಹತ್ತಿರ ಹತ್ತಿರ 12 ಲಕ್ಷ ರೂಪಾಯಿ. ಸರ್ಕಾರಿ ವಿ.ವಿ.ಗಳಲ್ಲಿ ಫೀಸು ಇಲ್ಲ ಅನ್ನುವ ಮಾತು ಎಲ್ಲ ಕಡೆ ನಿಜವಲ್ಲ. ಮಾನ್‌ಹೈಮ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯೂರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ನಮ್ಮ ಅಂಕ ಅವರ ಅಂಕವಾಗುವ ಲೆಕ್ಕವೂ ಮೊದಲೇ ಗೊತ್ತಿರಲಿ. ಇಲ್ಲಿ 1.0 ಅಂದರೆ ಅತ್ಯುತ್ತಮ, 4.0 ಅಂದರೆ ಪಾಸ್. 10ಕ್ಕೆ 7.5 ಸಿಜಿಪಿಎ ಇದ್ದು, ಪಾಸಿಗೆ 4 ಸಾಕು ಅಂತಿದ್ದರೆ, ಅದು ಇಲ್ಲಿ 2.25 ಆಗುತ್ತದೆ. ಚೆನ್ನಾಗಿ ಓದಿದೆ ಅಂದುಕೊಂಡ ಎಷ್ಟೋ ಮಕ್ಕಳು ಈ ಲೆಕ್ಕ ನೋಡಿ ಕಂಗಾಲಾಗುತ್ತಾರೆ. ಇಲ್ಲೇ ಕೆಲಸ ಹಿಡಿಯಬೇಕು ಅನ್ನುವವರಿಗೆ ಈ ದಾರಿ ಸರಿ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಆದರೆ ಎಲ್ಲ ಮನೆಗೂ ಇದು ಆಗುವ ಮಾತಲ್ಲ, ಅಲ್ವಾ?

ಎರಡು ವಿ.ವಿ.ಗಳು ವಿದ್ಯಾರ್ಥಿಗಳನ್ನು ಅದಲುಬದಲು ಮಾಡಿಕೊಳ್ಳುವ ಒಂದು ಸೆಮಿಸ್ಟರಿನ ವಿನಿಮಯದಲ್ಲಿ ಲೆಕ್ಕ ಬದಲಾಗುತ್ತದೆ. ಫೀಸು ಕಟ್ಟುವುದು ತನ್ನ ಕಾಲೇಜಿಗೆ ಮಾತ್ರ. ಹೋದ ಕಡೆ ಫೀಸು ಇಲ್ಲ. ಮೇಲೆ ಹೇಳಿದ 1,500 ಯೂರೋ ಕೂಡ ವಿನಿಮಯಕ್ಕೆ ಬಂದವರಿಗೆ ಅನ್ವಯಿಸುವುದಿಲ್ಲ. ಖರ್ಚು ಊಟ, ಬಾಡಿಗೆ, ಟಿಕೆಟ್. ಎರಾಸ್ಮಸ್‌ನ ಈಗಿನ ರೂಪವಾದ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಭಾರತದ ವಿ.ವಿ.ಗಳ ಜೊತೆಗೂ ಒಪ್ಪಂದ ಮಾಡಿಕೊಳ್ಳಲು ಅವಕಾಶ ಇದೆ. ಅದರಡಿ ಜರ್ಮನಿಗೆ ಬರುವ ವಿದ್ಯಾರ್ಥಿಗೆ ತಿಂಗಳಿಗೆ 800 ಯೂರೋಗೂ ಜಾಸ್ತಿ ಸಿಗುತ್ತದೆ, ಪ್ರಯಾಣದ ಖರ್ಚಿಗೂ ನೆರವಿದೆ. ಜಾಣ ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು?

ಹಾಗಂತ ಇಲ್ಲಿನದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಇಲ್ಲಿ ಎಲ್ಲವನ್ನೂ ವಿದ್ಯಾರ್ಥಿಯೇ ವಿಚಾರಿಸಿಕೊಳ್ಳಬೇಕು, ಯಾರೂ ಬೆನ್ನು ತಟ್ಟಿ ಕಳಿಸುವುದಿಲ್ಲ. ಹಾಗಾಗಿ ಹೋಗುವವರಲ್ಲಿ ಓದಿದವರ ಮನೆಯ ಮಕ್ಕಳೇ ಜಾಸ್ತಿ. ಈ ವಿಷಯದಲ್ಲಿ ನಮ್ಮ ಮೇಷ್ಟ್ರುಗಳು ಒಂದು ಕೈ ಮೇಲು. "ನೀನು ಅರ್ಜಿ ಹಾಕೋ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅನ್ನುವ ಮೇಷ್ಟ್ರು ನಮ್ಮ ಪ್ರತಿ ಊರಲ್ಲೂ ಸಿಗುತ್ತಾರೆ.

ಕಾನೂನು ಅಡ್ಡ ಬರುತ್ತದೆ ಅನ್ನುವುದೂ ಈಗ ನೆಪವೇ. 2022ರಲ್ಲಿ ಯುಜಿಸಿ ಹೊಸ ನಿಯಮ ತಂದಿದೆ. ಟ್ವಿನ್ನಿಂಗ್, ಅಂದರೆ ಓದಿನ ಒಂದು ಭಾಗ ಹೊರದೇಶದಲ್ಲಿ ಮುಗಿಸಿ ನಮ್ಮ ವಿ.ವಿ.ಯ ಪದವಿ ಪಡೆಯುವ ಪದ್ಧತಿಯಲ್ಲಿ ಶೇಕಡಾ 30ರವರೆಗೆ ಕ್ರೆಡಿಟ್ಟುಗಳನ್ನು ಹೊರದೇಶದ ವಿ.ವಿ.ಯಲ್ಲಿ ಗಳಿಸಬಹುದು. ನಾಲ್ಕು ಸೆಮಿಸ್ಟರಿನ ಎಂಬಿಎಯಲ್ಲಿ ಒಂದು ಸೆಮಿಸ್ಟರ್ ಅಂದರೆ ಶೇಕಡಾ 25. ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರು ಎರಡನೇ ವರ್ಷದ ಒಂದು ಟರ್ಮನ್ನು ಇದಕ್ಕೇ ಬಿಟ್ಟು ವರ್ಷಗಳೇ ಆದವು. ಅಲ್ಲಿಂದ ಮಕ್ಕಳು ಹೋಗುತ್ತಾರೆ, ಅಲ್ಲಿಗೆ ಹೊರದೇಶದ ಮಕ್ಕಳು ಬರುತ್ತಾರೆ.

ಈ ಬರುವ ಮಾತೇ ಮುಖ್ಯ. ನಮ್ಮಲ್ಲಿ ಎಲ್ಲರೂ ಕಳಿಸುವ ಯೋಚನೆ ಮಾಡುತ್ತಾರೆ, ಕರೆಸಿಕೊಳ್ಳುವ ಯೋಚನೆ ಮಾಡುವವರು ಕಡಿಮೆ. ವಿನಿಮಯ ನಡೆಯುವುದು ಒಂದು ಸೀಟಿಗೆ ಒಂದು ಸೀಟು ಅನ್ನುವ ಲೆಕ್ಕದಲ್ಲಿ. ಅದಕ್ಕೇ ಇಬ್ಬರಿಗೂ ಫೀಸಿಲ್ಲ. ಹೊರದೇಶದಿಂದ ಯಾರೂ ಬರದಿದ್ದರೆ ನಮ್ಮಲ್ಲಿಂದ ಹೋಗುವವರ ಸಂಖ್ಯೆಯೂ ಕುಗ್ಗುತ್ತದೆ. ಫೋಟೋ ತೆಗೆಸಿಕೊಂಡು ಸಹಿ ಹಾಕಿದ ಎಷ್ಟೋ ಒಡಂಬಡಿಕೆಗಳು ಫೈಲಿನಲ್ಲೇ ಉಳಿಯುವುದು ಇದರಿಂದಲೂ ಹೌದು.

ಹಾಗಾದರೆ ಬರುವವರಿಗೆ ಏನು ಬೇಕು? ಮೊದಲು ಕ್ಯಾಲೆಂಡರ್. ಜರ್ಮನಿಯ ಬಹಳಷ್ಟು ವಿ.ವಿ.ಗಳಲ್ಲಿ ಚಳಿಗಾಲದ ತರಗತಿ ಶುರುವಾಗುವುದು ಅಕ್ಟೋಬರಿನಲ್ಲಿ. ಮಾನ್‌ಹೈಮ್ ಮಾತ್ರ ಬೇರೆ ದೇಶಗಳ ಲೆಕ್ಕಕ್ಕೆ ಹೊಂದಲಿ ಅಂತ ಸೆಪ್ಟೆಂಬರಿಗೇ ಶುರುಮಾಡಿ ಕ್ರಿಸ್‌ಮಸ್ ಒಳಗೆ ಪಾಠ ಮುಗಿಸುತ್ತದೆ. ನಮ್ಮಲ್ಲಿ ಎಂಬಿಎ ಸೇರಲು ಬರೆಯುವ ಪಿಜಿಸಿಇಟಿ ಪರೀಕ್ಷೆಯ ಕೌನ್ಸೆಲಿಂಗ್ ಮುಗಿದು ತರಗತಿ ಶುರುವಾಗುವುದು ಒಂದೊಂದು ವರ್ಷ ಒಂದೊಂದು ತಿಂಗಳು. ಪರೀಕ್ಷೆ ಯಾವಾಗ ಅಂತ ಪ್ರಿನ್ಸಿಪಾಲರಿಗೇ ಗೊತ್ತಿರುವುದಿಲ್ಲ. ಕೊರಿಯಾದಿಂದಲೋ ಇಟಲಿಯಿಂದಲೋ ಬರುವ ಹುಡುಗಿ ಟಿಕೆಟ್ ಯಾವ ತಾರೀಖಿಗೆ ತೆಗೆಯಬೇಕು? ಮೂರನೇ ಸೆಮಿಸ್ಟರಿನ ತಾರೀಖನ್ನಾದರೂ ಒಂದು ವರ್ಷ ಮೊದಲೇ ಗಟ್ಟಿ ಮಾಡಿದರೆ ಅರ್ಧ ಕೆಲಸ ಆದ ಹಾಗೆ. ಉಳಿದದ್ದು ಬೀಗ ಹಾಕಿಕೊಳ್ಳಬಹುದಾದ ಒಂದು ಶುಚಿಯಾದ ಹಾಸ್ಟೆಲ್ ರೂಮು, ಇಮೇಲಿಗೆ ಎರಡು ದಿನದಲ್ಲಿ ಉತ್ತರ ಕೊಡುವ ಒಬ್ಬ ಸಿಬ್ಬಂದಿ.

ಆಮೇಲೆ ಅವರು ನಮ್ಮಲ್ಲಿ ಬಂದು ಕಲಿಯುವುದೇನು? ಪುಸ್ತಕದ ಮಾರ್ಕೆಟಿಂಗ್ ಪಾಠಕ್ಕೆ ಯಾರೂ ಅಷ್ಟು ದೂರ ಬರುವುದಿಲ್ಲ. ಅವರ ಊರಲ್ಲಿ ಸಿಗದ ಪಾಠ ನಮ್ಮಲ್ಲಿ ಬೇಕಾದಷ್ಟಿದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಹೋದರೆ ಎಲ್ಲಿ ನೋಡಿದರೂ ಕೆಂಪು ಚೀಲಗಳ ರಾಶಿ, ಕಾಲಿಟ್ಟ ಕೂಡಲೇ ಕೆಮ್ಮು. ಅಲ್ಲೇ ರೈತನ ಚೀಲಕ್ಕೆ ಕಂಪ್ಯೂಟರಿನಲ್ಲಿ ಟೆಂಡರ್ ಆಗುತ್ತದೆ. ಬೆಲೆ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಅಲ್ಲಿ ನಿಂತು ಕಲಿಯಬಹುದು. ಕೆಎಂಎಫ್‌ನ ಹಳ್ಳಿ ಡೇರಿಗೆ ಬೆಳಗ್ಗೆ ಹೋಗಿ ಹಾಲಿನ ಫ್ಯಾಟ್ ನೋಡುವುದರಿಂದ ಹಿಡಿದು ಬೆಂಗಳೂರಿನ ನಂದಿನಿ ಬೂತಿನವರೆಗೆ ಹಿಂಬಾಲಿಸಿದರೆ ಸಹಕಾರಿ ವ್ಯವಹಾರದ ಒಂದು ಸೆಮಿಸ್ಟರಿನ ಪಾಠ ಸಿಗುತ್ತದೆ. ಕೊಡಗಿನ ಕಾಫಿ, ಚನ್ನಪಟ್ಟಣದ ಬೊಂಬೆ, ತರಕಾರಿ ಗಾಡಿಯಲ್ಲೂ ನೇತಾಡುವ ಕ್ಯೂಆರ್ ಕೋಡ್. ಕೊನೆಯದನ್ನು ನೋಡಿದರೆ ನೋಟು, ಚಿಲ್ಲರೆ ಇನ್ನೂ ಕೈಬಿಡದ ಜರ್ಮನರು ಬೆರಗಾಗುತ್ತಾರೆ.

ಧಾರವಾಡದಲ್ಲೋ ಮೈಸೂರಲ್ಲೋ ಒಂದು ವಿ.ವಿ. ಇಂಥ ಎರಡು ಕೋರ್ಸುಗಳ ಪಠ್ಯ ಇಂಗ್ಲಿಷಿನಲ್ಲಿ ಬರೆದು, ತಾರೀಖು ಹಾಕಿ, ಬರೇ ಎರಡು ಸೀಟು ತೆರೆಯಲಿ. ಇಲ್ಲಿ ಮಾನ್‌ಹೈಮ್‌ನಿಂದ ವಾಲ್ಡೋರ್ಫ್‌ವರೆಗೆ, ಫ್ರಾಂಕ್‌ಫರ್ಟಿನಲ್ಲಿ, ಮ್ಯೂನಿಕ್‌ನಲ್ಲಿ ಕನ್ನಡದವರು ತುಂಬ ಜನ ಇದ್ದೇವೆ. ಇಲ್ಲಿನ ವಿ.ವಿ.ಯ ಅಂತರರಾಷ್ಟ್ರೀಯ ವಿಭಾಗದ ಬಾಗಿಲು ತಟ್ಟಿ ಮಾತಾಡುವುದು, ಬಂದ ಮಕ್ಕಳಿಗೆ ಮೊದಲ ವಾರ ಮನೆ ಊಟ ಹಾಕಿ ಬಾಡಿಗೆ ರೂಮು ಹುಡುಕಿಕೊಡುವುದು ನಮ್ಮ ಕೆಲಸ. ಅದನ್ನು ಸಂತೋಷದಿಂದ ಮಾಡುತ್ತೇವೆ.