ಅಮ್ಮನ ಹೆಜ್ಜೆ ಲೆಕ್ಕಕ್ಕೆ ಬರಲಿಲ್ಲ

ಅಮ್ಮನಿಗೂ ನನಗೂ ಬೇರೆ ಬೇರೆ ಆರೋಗ್ಯ ವಿಮೆ, ಕಂಪನಿ ಒಂದೇ. ಈ ಸಲ ರಿನ್ಯೂವಲ್‌ನಲ್ಲಿ ನನ್ನ ಪ್ರೀಮಿಯಂ ಕಡಿಮೆಯಾಯಿತು, ಅಮ್ಮನದ್ದು ಆಗಲಿಲ್ಲ. ನಾನು ಮಣಿಪಾಲದಲ್ಲಿ ದಿನವಿಡೀ ಕುರ್ಚಿಯಲ್ಲಿ ಕೂರುವವ. ಸಂಜೆ ಎಂಡ್ ಪಾಯಿಂಟ್ ಪಾರ್ಕಿನಲ್ಲಿ ನಡೆದು, ರಿಯಾಯಿತಿಗಾಗಿ ಕಂಪನಿಯ ಆ್ಯಪ್‌ನಲ್ಲಿ ಸ್ಟೆಪ್ಸ್ ತುಂಬಿಸುತ್ತೇನೆ. ಅಮ್ಮ ಬೆಳಿಗ್ಗೆ ಐದೂವರೆಗೆ ಎದ್ದರೆ ಹಟ್ಟಿ, ತೋಟ, ಬಾವಿಕಟ್ಟೆ ಅಂತ ಕತ್ತಲಾಗುವವರೆಗೂ ಓಡಾಟ. ಅವರ ಮೊಬೈಲ್ ಮಾತ್ರ ಫ್ರಿಜ್ ಮೇಲೆ ಇರುತ್ತದೆ. ಹಾಗಾಗಿ ಕಂಪನಿಯ ಲೆಕ್ಕದಲ್ಲಿ ಅಮ್ಮ ನಡೆಯುವುದೇ ಇಲ್ಲ.

"ಕೆಲಸ ಮಾಡುವಾಗ ಮೊಬೈಲ್ ಎಲ್ಲಿ ಸಿಕ್ಕಿಸಿಕೊಳ್ಳುವುದು ಮಗಾ?" ಎಂದರು.

ನಡೆಯುವವರಿಗೆ ರಿಯಾಯಿತಿ ಕೊಡುವುದು ತಪ್ಪೆಂದು ಹೇಳಲಾರೆ. ದಕ್ಷಿಣ ಆಫ್ರಿಕಾದ ಡಿಸ್ಕವರಿ ಕಂಪನಿ 1997ರಲ್ಲೇ 'ವೈಟಾಲಿಟಿ' ಹೆಸರಿನಲ್ಲಿ ಇಂಥದ್ದನ್ನು ಶುರುಮಾಡಿತ್ತು. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2016ರ ನಿಯಮಗಳಲ್ಲಿ ಇದಕ್ಕೆ ದಾರಿ ಮಾಡಿ, 2020ರಲ್ಲಿ ಮಾರ್ಗಸೂಚಿಯನ್ನೂ ತಂದಿತು. ಪ್ರೀಮಿಯಂ ರಿಯಾಯಿತಿ, ವಿಮಾ ಮೊತ್ತದ ಹೆಚ್ಚಳ, ಜಿಮ್ ಅಥವಾ ಯೋಗ ಕೇಂದ್ರದ ವೋಚರ್, ಎಲ್ಲಕ್ಕೂ ಅದರಲ್ಲಿ ಅವಕಾಶ ಕೊಟ್ಟಿತು. ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದೇ ಈ ಆಸೆ.

ಆದರೆ ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ವೈದ್ಯರಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು 'ಮಾನ್‌ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಅಲ್ಲಿಂದ ಹರಡಿದ ಸಂಖ್ಯೆ ಇದು. ಆಟಿ ತಿಂಗಳ ಮಳೆ ಹಿಡಿದರೆ ಉಡುಪಿಯ ಅಜ್ಜರಕಾಡು ಪಾರ್ಕಿನಲ್ಲಿ ನಡೆಯಲಿಕ್ಕೆ ಆಗುತ್ತದಾ? ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸರ ದುಡಿಮೆಯನ್ನು ಯಾವ ಆ್ಯಪ್ ಎಣಿಸುತ್ತದೆ?

ಅದೇ ಪಾಲಿಸಿಯಲ್ಲಿ ವರ್ಷಕ್ಕೊಮ್ಮೆ ಉಚಿತ ತಪಾಸಣೆಯೂ ಇತ್ತು. ಮೂರು ವರ್ಷ ನಾವು ಅದನ್ನು ಮುಟ್ಟಲೇ ಇಲ್ಲ, ಅದು ನನ್ನದೇ ಉದಾಸೀನ. ಈ ವರ್ಷ ಅಮ್ಮನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಎಚ್‌ಬಿಎ1ಸಿ 8.1 ಬಂತು. ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಅದು, 6.5 ಮುಟ್ಟಿದರೇ ಮಧುಮೇಹ. ಒಂದು ದಿನ ಕೂತವರಲ್ಲ ನನ್ನ ಅಮ್ಮ. ರಿಪೋರ್ಟ್ ಹಿಡಿದುಕೊಂಡು ಕಾರಿನಲ್ಲೇ ಸುಮಾರು ಹೊತ್ತು ಕೂತಿದ್ದೆ.

ಕಂಪನಿಯವರು ರಿಯಾಯಿತಿಯನ್ನು ಇಲ್ಲಿಗೂ ತರಬೇಕು. ಪ್ರತಿ ವರ್ಷ ರಕ್ತಪರೀಕ್ಷೆ ಮಾಡಿಸಿದವರಿಗೆ, ಶುಗರ್, ಬಿಪಿ ಹಿಡಿತಕ್ಕೆ ತಂದುಕೊಂಡವರಿಗೆ ಅದು ಸಿಗಲಿ. ಕಿಡ್ನಿ ಹಾಳಾದ ಮೇಲೆ ಡಯಾಲಿಸಿಸ್ಸಿಗೆ ಕೊಡುವ ದುಡ್ಡಿನ ಮುಂದೆ ಇದು ಎಷ್ಟರದ್ದು?

ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಏಜೆಂಟರಿಗೆ ಫೋನ್ ಮಾಡಿ, ತಪಾಸಣೆ ಯಾವ ಲ್ಯಾಬಿನಲ್ಲಿ ಅಂತ ಕೇಳಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಕರೆದುಕೊಂಡು ಹೋಗಿ. ಅಮ್ಮ ಈಗ ಗಂಜಿ ಒಂದು ಸೌಟು ಕಡಿಮೆ ಮಾಡಿದ್ದಾರೆ, ಮಾತ್ರೆ ತಪ್ಪಿಸುವುದಿಲ್ಲ. ಮುಂದಿನ ಪರೀಕ್ಷೆ ಬರುವ ತಿಂಗಳು.