ಗ್ರೂಪ್ ಫೋಟೋ ಚೆನ್ನಾಗ್ ಬಂದಿದೆ, ಥ್ಯಾಂಕ್ಸ್

ಈಗಷ್ಟೇ ಬಸ್ಸಿಂದ ಇಳಿದು ಮನೆ ಸೇರಿದೀನಿ, ಸಿಟ್ಟು ಇಳಿಯೋ ಮುಂಚೆ ಬರೆದುಬಿಡ್ತೀನಿ. ನಮ್ ಬಿಎಸ್ಸಿ ಮಕ್ಕಳನ್ನ ಜಿಗಣಿ ಕಡೆ ಒಂದು ಮಾತ್ರೆ ಫ್ಯಾಕ್ಟ್ರಿಗೆ ಕರ್ಕೊಂಡ್ ಹೋಗಿದ್ವಿ. ತಿಂಡಿಗೆ ಒಂದೂವರೆ ಗಂಟೆ, ವಾಟರ್ ಪಾರ್ಕಲ್ಲಿ ನಾಲ್ಕು ಗಂಟೆ, ಫ್ಯಾಕ್ಟ್ರಿ ಒಳಗೆ ನಲವತ್ತೇ ನಿಮಿಷ. ಇದಕ್ಕೆ ಇಂಡಸ್ಟ್ರಿಯಲ್ ವಿಸಿಟ್ ಅಂತಾರೆ ಸ್ವಾಮಿ.

ತಲೆಗೆ ಕ್ಯಾಪು, ಕಾಲಿಗೆ ಶೂ ಕವರು ಹಾಕ್ಕೊಂಡು ಕ್ಯೂಸಿ ಲ್ಯಾಬಿಗೆ, ಅಂದ್ರೆ ಮಾತ್ರೆಗಳ ಗುಣಮಟ್ಟ ಪರೀಕ್ಷೆ ಮಾಡೋ ಜಾಗಕ್ಕೆ ಹೋದ್ವಿ. 37 ಡಿಗ್ರಿ ನೀರಲ್ಲಿ ಆರು ಗಾಜಿನ ಕೊಳವೆ, ಒಂದೊಂದ್ರಲ್ಲೂ ಒಂದು ಮಾತ್ರೆ, ನಿಮಿಷಕ್ಕೆ ಸುಮಾರು 30 ಸಲ ಮೇಲೆ ಕೆಳಗೆ ಮೇಲೆ ಕೆಳಗೆ. ಕೋಟಿಂಗ್ ಇಲ್ದಿರೋ ಮಾತ್ರೆ 15 ನಿಮಿಷದೊಳಗೆ ಒಡೆದು ಪುಡಿಯಾಗ್ಬೇಕು. ಮೂರು ವರ್ಷ ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿ ಆಗ ಕೇಳಿದ್ಲು, "ಮೇಡಂ, ನಮ್ಮಜ್ಜಿ ಪ್ಯಾಂಟೊಪ್ರಜೋಲ್ ಮಾತ್ರೆ ಕುಟ್ಟಿ ಪುಡಿ ಮಾಡ್ಕೊಂಡ್ ತಗೋತಾರೆ, ಬೇಗ ಕೆಲಸ ಮಾಡುತ್ತಾ?"

ಲ್ಯಾಬಿನ ಹುಡುಗಿ ಮುಖ ಅರಳಿಬಿಡ್ತು! ಆಸಿಡ್ ಕಮ್ಮಿ ಮಾಡೋ ಆ ಔಷಧಿಗೇ ಆಸಿಡ್ ಆಗ್ಬರಲ್ಲ, ಹೊಟ್ಟೇಲೇ ಕೆಟ್ಟೋಗುತ್ತೆ, ಅದಕ್ಕೇ ಮೇಲೊಂದು ಕೋಟಿಂಗು, ಎರಡು ಗಂಟೆ ಆಸಿಡಲ್ಲಿ ಇಟ್ರೂ ಒಡೀಬಾರ್ದು, ಆಮೇಲೆ ಕರುಳಿನ ಥರ ಇರೋ 6.8 ಪಿಎಚ್ ದ್ರಾವಣದಲ್ಲಿ ಒಡೀಬೇಕು ಅಂತ ಹೇಳಿದ್ಲು. ತಕ್ಷಣ ಹಿಂದಿಂದ ಒಬ್ಬ, "ಕರುಳಲ್ಲಿ ಕರಗಿದ್ರೆ ಹೊಟ್ಟೆ ಆಸಿಡ್ ಹೆಂಗೆ ಕಮ್ಮಿ ಆಗುತ್ತೆ?" ಆಹಾ, ಇಡೀ ಸೆಮಿಸ್ಟರಲ್ಲಿ ಇಂಥ ಪ್ರಶ್ನೆ ಬಂದಿಲ್ಲ ನಂಗೆ.

ಅಷ್ಟರಲ್ಲಿ ನಮ್ಮ ಹೆಚ್‌ಓಡಿ, "ಸಾಕು ಬನ್ರಪ್ಪ, ಗ್ರೂಪ್ ಫೋಟೋ, ಲೇಟಾಯ್ತು."

ಲೇಟು ಯಾವ್ದಕ್ಕೆ? ವಾಟರ್ ಪಾರ್ಕಿಗೆ!

ಕಂಪನಿಯೋರಿಗೂ ಕೆಲಸ ಇರುತ್ತಲ್ಲ, ಸಾವಿರ ರೂಲ್ಸು ಅಂತ ನೀವಂತೀರ. ನಿಜ, ಪ್ರೊಡಕ್ಷನ್ ಏರಿಯಾನ ಗಾಜಿನಾಚೆಯಿಂದಲೇ ತೋರಿಸಿದ್ರು, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಅವರ್ಯಾರೂ ನಮ್ಮನ್ನ ಓಡಿಸ್ಲಿಲ್ಲ ರೀ, ಓಡಿಸಿದ್ದು ನಾವೇ. ಲ್ಯಾಬಿನ ಹುಡುಗಿ ಉತ್ತರ ಹೇಳೋಕೆ ಬಾಯಿ ತೆಗೆದೋಳು ಹಂಗೇ ನಿಂತಿದ್ಲು.

ನಾನೇನು ಸಾಚಾ ಅಲ್ಲ. ಬಿಎಸ್ಸೀಲಿ ಸೀನಿಯರ್ ಅಕ್ಕನ ವಿಸಿಟ್ ರಿಪೋರ್ಟ್ ಇಳಿಸಿದ್ದೆ, ಅವಳು ಹಾಕಿದ್ದ ತಾರೀಖಿನ ಸಮೇತ. ಹತ್ತಕ್ಕೆ ಎಂಟು ಮಾರ್ಕ್ಸೂ ಬಂತು. ಇವತ್ತೂ ಫೋಟೋದಲ್ಲಿ ಮುಂದಿನ ಸಾಲಲ್ಲೇ ಇದೀನಿ, ಬ್ಯಾನರ್ ಹಿಡ್ಕೊಂಡು.

ವಾಪಸ್ ಬರ್ತಾ ಆ ಪ್ರಶ್ನೆ ಕೇಳಿದ ಹುಡುಗನ ಪಕ್ಕ ಹೋಗಿ ಕೂತೆ. ಔಷಧಿ ರಕ್ತಕ್ಕೆ ಸೇರಿ, ರಕ್ತದ ಮೂಲಕ ಜಠರದ ಜೀವಕೋಶಕ್ಕೆ ಹೋಗಿ, ಅಲ್ಲಿ ಆಸಿಡ್ ಪಂಪನ್ನೇ ನಿಲ್ಸುತ್ತೆ ಕಣೋ ಅಂತ ಹಾಡಿನ ಗಲಾಟೇಲಿ ಕೂಗಿ ಕೂಗಿ ಹೇಳಿದೆ. ಗಂಟಲು ಕಟ್ಟಿದೆ. ಹಿಂದಿನ ಸೀಟಲ್ಲಿ ಅವಳು ಫೋನಲ್ಲಿ, "ಅಜ್ಜೀ, ಕುಟ್ಬೇಡ, ಹಂಗೇ ನುಂಗು!" ಅಂತ ಕಿರುಚ್ತಾ ಇದ್ಲು. ಆ ಸೌಂಡಲ್ಲಿ ಅಜ್ಜಿಗೆ ಏನ್ ಕೇಳಿಸ್ತೋ.