ಗೆರೆ ಎಲ್ಲಿಂದ ಶುರು?

ಗೌರಿಬಿದನೂರಿನ ಹತ್ತಿರ ಇರುವ ವಿದುರಾಶ್ವತ್ಥಕ್ಕೆ ಹೋದವರು ನೋಡಿರುತ್ತೀರಿ. ಗುಡಿಯ ಸುತ್ತ ನಾಗರಕಲ್ಲುಗಳು ಒಂದಲ್ಲ ಎರಡಲ್ಲ, ಸಾವಿರಗಟ್ಟಲೆ. ನನ್ನ ಕಣ್ಣಿಗೆ ಬಿದ್ದವೆಲ್ಲ ಹೆಡೆ ಎತ್ತಿದವೇ. ಹೆಡೆ ಇಲ್ಲದ ಬಡಪಾಯಿ ಹಾವುಗಳಿಗೆ ಕಲ್ಲೂ ಇಲ್ಲ, ಹಾಲೂ ಇಲ್ಲ.

ಹೋದ ವರ್ಷ ನಾಗರಪಂಚಮಿಗೆ ಅಜ್ಜಿ ಅಲ್ಲೇ ತನಿ ಎರೆದು ಬಂದರು. ಸಂಜೆ ರೇಷ್ಮೆ ಸಾಕುವ ಹುಳುಮನೆಯಲ್ಲಿ ದೀಪ ಹಾಕಿದರೆ, ಗೋಡೆಗೆ ಒರಗಿಸಿದ್ದ, ಹುಳು ಗೂಡು ಕಟ್ಟುವ ತಟ್ಟಿ ಚಂದ್ರಿಕೆಯ ಹಿಂದೆ ಒಂದು ಹಾವು. ಕಪ್ಪು ಮೈ, ಮೇಲೆ ಸೀಮೆಸುಣ್ಣದಲ್ಲಿ ಎಳೆದಂತೆ ಬಿಳಿ ಅಡ್ಡಗೆರೆ. "ಕಟ್ಲಪಾಮು! ಹೊಡೀರೋ!" ಅಂತ ಕೂಗಿದ್ದು ಬೆಳಿಗ್ಗೆ ಹಾಲೆರೆದ ಅದೇ ಅಜ್ಜಿ. ನಮ್ಮ ಮನೆ ಮಾತು ಕನ್ನಡವೇ. ಆದರೆ ಹೆದರಿಕೆ ಮಾತ್ರ ತೆಲುಗಿನಲ್ಲಿ ಬರುತ್ತದೆ. ಕನ್ನಡದಲ್ಲಿ ಅದು ಕಟ್ಟುಹಾವು, ಭಾರಿ ವಿಷದ್ದು. ಕಡಂಬಳ ಅನ್ನುವವರೂ ಇದ್ದಾರೆ.

ಚಿಕ್ಕಪ್ಪ ಕೋಲು ಬೀಸಿದರು. ಏಟು ಗೋಡೆಗೆ ಬಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ನಮ್ಮಲ್ಲಿ ಅದು ಅರ್ಧ ಮಾತ್ರ ನಡೆಯಿತು. ಕೋಲು ಎರಡು ತುಂಡಾಯಿತು. ಹಾವು ಸರಸರ ಗೋಡೆ ಹತ್ತಿ ಹೆಂಚಿನ ಸಂದಿಗೆ ಸೇರಿಕೊಂಡಿತು.

ಹಾಗೆ ಗೋಡೆ ಹತ್ತಿದ್ದೇ ದೊಡ್ಡ ಸುಳಿವು. ಕಟ್ಟುಹಾವು ಹೆಚ್ಚಾಗಿ ನೆಲದಲ್ಲೇ ಓಡಾಡುವುದು. ಗೋಡೆ ಹತ್ತುವುದರಲ್ಲಿ, ನೋಡಲು ಅದರಂತೆಯೇ ಇರುವ ತೋಳಹಾವಿನದು ಎತ್ತಿದ ಕೈ. ಹಾವಿಗೆ ಕೈ ಎಲ್ಲಿಂದ ಬಂತು ಅಂತ ಕೇಳಬೇಡಿ. ತೋಳಹಾವು ಕಚ್ಚಿದರೆ ಜೀವಕ್ಕೇನೂ ಅಪಾಯವಿಲ್ಲ. ಅದಕ್ಕೆ ಬೇಕಾದ್ದು ಹಲ್ಲಿ. ರೇಷ್ಮೆಹುಳುವಿನ ಮೇಲೆ ಹಲ್ಲಿಗೂ ಕಣ್ಣು. ಲೆಕ್ಕ ಹಾಕಿದರೆ ನಾವು ಹೊಡೆಯಲು ಹೋಗಿದ್ದು ಸಂಬಳವಿಲ್ಲದ ಕಾವಲುಗಾರನನ್ನು. ಅದು ಮಾಡಿದ ತಪ್ಪು ಒಂದೇ, ಪಕ್ಕದ ಮನೆಯ ರೌಡಿಯ ಅಂಗಿಯಂಥದ್ದೇ ಅಂಗಿ ತೊಟ್ಟಿದ್ದು.

ಅಂಗಿಯಲ್ಲೂ ಫರಕು ಇದೆ. ತೋಳಹಾವಿನ ಪಟ್ಟೆ ಕೊರಳ ಹತ್ತಿರವೇ ಶುರುವಾಗಿ ಬಾಲದ ಕಡೆ ಮಾಸುತ್ತ ಹೋಗುತ್ತದೆ. ಕಟ್ಟುಹಾವಿನದು ತಿರುಗಾಮುರುಗಾ. ಕೊರಳ ಕಡೆ ಖಾಲಿ, ಇಲ್ಲವೇ ಬರೀ ಚುಕ್ಕೆ. ಆಮೇಲೆ ತೆಳ್ಳನೆ ಗೆರೆಗಳು, ಎರಡೆರಡು ಜೋಡಿಯಾಗಿ, ಬಾಲದ ತುದಿವರೆಗೆ. ಮರಿಗಳಲ್ಲಿ ಈ ಲೆಕ್ಕವೂ ತಪ್ಪುತ್ತದೆ. ಅಲ್ಲದೆ, ಆ ಹೊತ್ತಿನಲ್ಲಿ ಯಾರು ಕೂತು ಗೆರೆ ನೋಡುತ್ತಾರೆ ಹೇಳಿ? ಕೊರಳಿಂದಲೇ ಅಂತ ಚಿಕ್ಕಪ್ಪ, ನಡುವಿಂದ ಅಂತ ಅಜ್ಜಿ. ವಾರವಿಡೀ ಜಗಳ. ನಾನು ಬಾಲ ಮಾತ್ರ ನೋಡಿದ್ದೆ, ಸುಮ್ನಿದ್ದೆ.

ನಿಜವಾದ ಕಟ್ಟುಹಾವು ವಿಚಿತ್ರ ಜೀವಿ. ಹಗಲಲ್ಲಿ ಕಂಡರೆ ಪಾಪ ಅನ್ನಿಸುತ್ತದೆ. ಸುರುಳಿ ಸುತ್ತಿ, ತಲೆಯನ್ನು ಮೈಯ ಅಡಿಗೆ ತುರುಕಿ, ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದ ಮಗುವಿನ ಹಾಗೆ ಬಿದ್ದಿರುತ್ತದೆ. ಕತ್ತಲಾದ ಮೇಲೆ ಅದೇ ಬೇರೆ. ಇಲಿ, ಕಪ್ಪೆ, ಹಲ್ಲಿ ಎಲ್ಲವೂ ಆಗುತ್ತದೆ. ಜಾಸ್ತಿ ಇಷ್ಟ ಬೇರೆ ಹಾವುಗಳು. ನೆಂಟರನ್ನೂ ಬಿಡುವುದಿಲ್ಲ. ಇಂಥದ್ದರ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಅಲ್ಲೇ ಸುತ್ತಿಕೊಂಡು ಕಾಯುತ್ತದೆ.

ಮಳೆಗಾಲದ ರಾತ್ರಿ ಇಲಿಯ ಜಾಡು ಹಿಡಿದು ಮನೆಯೊಳಗೂ ಬರುತ್ತದೆ. ನೆಲದಲ್ಲಿ ಮಲಗಿದವರು ನಿದ್ದೆಗಣ್ಣಲ್ಲಿ ಹೊರಳಿದಾಗ ಕಚ್ಚುತ್ತದೆ. ಹಲ್ಲು ಎಷ್ಟು ಸಣ್ಣದೆಂದರೆ ಸೊಳ್ಳೆ ಕಡಿಯಿತು ಅಂದುಕೊಂಡು ಮಗ್ಗುಲು ಬದಲಿಸುತ್ತಾರೆ. ಊತ, ಉರಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವು. ರಾತ್ರಿ ತಿಂದದ್ದು ಆಗಲಿಲ್ಲ ಅಂತ ಓಂಕಾಳಿನ ನೀರು ಕುಡಿಸುತ್ತಾರೆ. ಅಷ್ಟರಲ್ಲಿ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರೇ ಹಿಡಿಯುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಇಂಜೆಕ್ಷನ್ ಇದೆ. ಆದರೆ ಕಚ್ಚಿದ್ದು ಹಾವು ಅಂತ ಯಾರಿಗಾದರೂ ಹೊಳೆಯಬೇಕಲ್ಲ? 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಬೇಕು. ಹೊಟ್ಟೆನೋವು ಅಂತ ಮನೆಯಲ್ಲೇ ಮಲಗಿದವರು ಆ ಲೆಕ್ಕಕ್ಕೆ ಬರುವುದು ಹೇಗೆ?

ಇದನ್ನೆಲ್ಲ ಹೇಳಿ ಅಜ್ಜಿಗೆ ಮಂಚ ತರುತ್ತೇವೆ ಅಂದರೆ ಒಪ್ಪಲಿಲ್ಲ. ಬಿದ್ದುಬಿಡ್ತೀನಿ ಅಂತಾರೆ. ಕೊನೆಗೆ ಚಾಪೆಯ ಅಡಿಗೆ ಸುತ್ತಲೂ ಸಿಕ್ಕಿಸುವ ಸೊಳ್ಳೆಪರದೆಗೆ ರಾಜಿಯಾದರು. ನೆಲಕ್ಕೆ ಅಷ್ಟು ಗಿಡ್ಡ ಪರದೆ ಕಟ್ಟಲು ಗಿಡ್ಡ ಕೋಲು ಬೇಕಲ್ವಾ? ಚಿಕ್ಕಪ್ಪ ಮುರಿದ ಎರಡು ತುಂಡೂ ಎರಡು ಮೂಲೆಗೆ ಸರಿಹೋದವು. ಇನ್ನೆರಡು ಮೂಲೆಯ ದಾರ ಸದ್ಯಕ್ಕೆ ಕಿಟಕಿಯ ಸರಳಿಗೇ ಕಟ್ಟಿದೆ.